ಹಿತ್ತಲಿನ ಈಜುಕೊಳದ ನೀರು ಬೆಚ್ಚಗಾಗಲು ಯಾವ ಹೀಟರ್ ಹಾಕಿಸಬೇಕು? (ಚಿಕ್ಕಮಗಳೂರು, 40,000 ಲೀಟರ್)

ಕಾಫಿತೋಟದ ಮಗಳು, ಚಿಕ್ಕಮಗಳೂರು ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಹಿತ್ತಲಿನಲ್ಲಿ ಆರು ವರ್ಷಗಳ ಹಿಂದೆ ಮಕ್ಕಳಿಗಾಗಿ ಕಟ್ಟಿಸಿದ ಈಜುಕೊಳವೊಂದಿದೆ. ಉದ್ದ 8 ಮೀಟರ್, ಅಗಲ 4 ಮೀಟರ್, ಸರಾಸರಿ ಆಳ 1.25 ಮೀಟರ್, ಒಟ್ಟು 40,000 ಲೀಟರ್ ನೀರು ಹಿಡಿಯುತ್ತದೆ. ಮಕ್ಕಳು ಓದಿಗೆಂದು ಊರು ಬಿಟ್ಟ ಮೇಲೆ ಬೇಸಿಗೆಯ ಎರಡು ತಿಂಗಳು ಬಿಟ್ಟರೆ ಅದಕ್ಕೆ ಯಾರೂ ಇಳಿಯುತ್ತಿರಲಿಲ್ಲ. ಕಳೆದ ವರ್ಷ ನಮ್ಮ ತಾಯಿಯವರಿಗೆ ಎರಡೂ ಮೊಣಕಾಲುಗಳ ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆ ಆಯಿತು. ಗಾಯ ಪೂರ್ತಿ ಮಾಗಿದ ಮೇಲೆ, ಎದೆಮಟ್ಟದ ನೀರಿನಲ್ಲಿ ದಿನಕ್ಕೆ ಅರ್ಧ ಗಂಟೆ ನಡೆದರೆ ಒಳ್ಳೆಯದೆಂದು ಫಿಸಿಯೋಥೆರಪಿಸ್ಟ್ ಸಲಹೆ ಕೊಟ್ಟಿದ್ದಾರೆ. ಆದರೆ ಈ ಡಿಸೆಂಬರಿನಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ನೀರಿನ ಉಷ್ಣಾಂಶ 20 ಡಿಗ್ರಿ ಇರುತ್ತದೆ. ಎಪ್ಪತ್ತೆರಡು ವರ್ಷದ ಅಮ್ಮ ಒಂದು ದಿನ ಧೈರ್ಯ ಮಾಡಿ ಇಳಿದು, ಎರಡೇ ನಿಮಿಷಕ್ಕೆ ನಡುಗುತ್ತಾ ಮೆಟ್ಟಿಲು ಹತ್ತಿಬಿಟ್ಟರು. ನೀರು ಕನಿಷ್ಠ 29 ಡಿಗ್ರಿಯಾದರೂ ಇರಬೇಕೆಂಬುದು ನಮ್ಮ ಅಪೇಕ್ಷೆ.

ಮೂವರಿಂದ ಅಂದಾಜುಪಟ್ಟಿ ತರಿಸಿದ್ದೇನೆ. ಒಬ್ಬರು 9 ಕಿಲೋವ್ಯಾಟ್‌ನ ವಿದ್ಯುತ್ ಕಾಯಿಲ್ ಹೀಟರ್ ಸಾಕೆನ್ನುತ್ತಾರೆ. ಅದರ ಬೆಲೆ ಎಲ್ಲಕ್ಕಿಂತ ಕಡಿಮೆ. ಇನ್ನೊಬ್ಬರು ಎಲ್‌ಪಿಜಿ ಹೀಟರ್ ಹಾಕಿಸಿದರೆ ಅರ್ಧ ದಿನದಲ್ಲಿ ನೀರು ಬಿಸಿಯಾಗುತ್ತದೆ ಎನ್ನುತ್ತಾರೆ. ಮೂರನೆಯವರು 17 ಕಿಲೋವ್ಯಾಟ್ ಶಾಖ ಕೊಡುವ ಹೀಟ್ ಪಂಪ್ ಹೇಳಿದ್ದಾರೆ. ಅದರ ಬೆಲೆ ಮೊದಲನೆಯದರ ಹಲವು ಪಟ್ಟು. ಮನೆಗೆ ಮೂರು ಫೇಸ್ ಸಂಪರ್ಕವಿದೆ, ನೀರು ಬೋರ್‌ವೆಲ್‌ನದು, ಕೊಳದ ಪೂರ್ವಕ್ಕೆ ಸಿಲ್ವರ್ ಓಕ್ ಸಾಲಿದೆ, ಪಶ್ಚಿಮ ಬಯಲು. ಬಳಸಿ ಅನುಭವವಿರುವವರು ದಯವಿಟ್ಟು ದಾರಿ ತೋರಿಸಬೇಕು.

ಶಾಖದ ಲೆಕ್ಕ, ಮೈಸೂರು

ಮೇಡಂ, ನಾನು ಮೂವತ್ತು ವರ್ಷ ಬಾಯ್ಲರ್‌ಗಳ ಜೊತೆ ಕೆಲಸ ಮಾಡಿ ನಿವೃತ್ತನಾದ ಎಂಜಿನಿಯರ್. ಯಂತ್ರದ ಹೆಸರು ಎತ್ತುವ ಮುಂಚೆ ಲೆಕ್ಕ ಮಾಡೋಣ. ಲೆಕ್ಕವೇ ಮುಕ್ಕಾಲು ಪಾಲು ತೀರ್ಮಾನವನ್ನು ಹೇಳಿಬಿಡುತ್ತದೆ.

ಒಂದು ಸಾವಿರ ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು 1.163 ಯುನಿಟ್ ಶಾಖ ಬೇಕು. ಇಲ್ಲಿ ಯುನಿಟ್ ಎಂದರೆ ವಿದ್ಯುತ್ ಬಿಲ್ಲಿನಲ್ಲಿ ಬರುವ ಅದೇ ಯುನಿಟ್. ತಮ್ಮ ಕೊಳದ 40,000 ಲೀಟರಿಗೆ ಡಿಗ್ರಿಯೊಂದಕ್ಕೆ 46.5 ಯುನಿಟ್ ಆಯಿತು. 20ರಿಂದ 29ಕ್ಕೆ ಏರಿಸಲು ಸುಮಾರು 419 ಯುನಿಟ್. ಕಾಯಿಲ್ ಹೀಟರ್‌ನಲ್ಲಿ ಒಂದು ಯುನಿಟ್ ವಿದ್ಯುತ್ತಿಗೆ ಒಂದೇ ಯುನಿಟ್ ಶಾಖ ಸಿಗುವುದರಿಂದ 419 ಯುನಿಟ್‌ಗೂ ಹಣ ಕಟ್ಟಬೇಕು. 9 ಕಿಲೋವ್ಯಾಟ್‌ನದು 46 ಗಂಟೆಗೂ ಹೆಚ್ಚು ಎಡೆಬಿಡದೆ ಉರಿಯಬೇಕು. ಹೀಟ್ ಪಂಪ್ ಶಾಖವನ್ನು ಹುಟ್ಟಿಸುವುದಿಲ್ಲ, ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಎತ್ತಿ ನೀರಿಗೆ ದಾಟಿಸುತ್ತದೆ. ಫ್ರಿಜ್ ಒಳಗಿನ ಶಾಖವನ್ನು ಹೊರಕ್ಕೆ ಹಾಕುವ ಕೆಲಸವೇ ಇಲ್ಲಿ ತಿರುಗುಮುರುಗಾಗಿ ನಡೆಯುತ್ತದೆ. ಹಗಲಿನ 25 ಡಿಗ್ರಿ ಗಾಳಿಯಲ್ಲಿ ಒಂದು ಯುನಿಟ್ ವಿದ್ಯುತ್ತಿಗೆ ನಾಲ್ಕೂವರೆ ಯುನಿಟ್ ಶಾಖ ಸಿಗುತ್ತದೆಂದು ಹಿಡಿದರೆ, ಅದೇ ಕೆಲಸ 93 ಯುನಿಟ್‌ಗೆ ಮುಗಿಯುತ್ತದೆ.

ಆದರೆ ಇದು ಮೊದಲ ಸಲದ ಖರ್ಚು. ದಿನದಿನದ ಖರ್ಚನ್ನು ನಿರ್ಧರಿಸುವುದು ಕೊಳ ಕಳೆದುಕೊಳ್ಳುವ ಶಾಖ, ಮತ್ತು ಅದರಲ್ಲಿ ಸುಮಾರು ಶೇ. 70ರಷ್ಟು ಹೋಗುವುದು ನೀರು ಆವಿಯಾಗುವುದರಿಂದ. ಒಂದು ಲೀಟರ್ ನೀರು ಆವಿಯಾಗಿ ಹೋಗುವಾಗ 0.68 ಯುನಿಟ್ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ಒಣಗಾಳಿ ಬೀಸುವ ಜನವರಿಯ ಒಂದು ರಾತ್ರಿಯಲ್ಲಿ ತಮ್ಮ 32 ಚದರ ಮೀಟರ್ ಕೊಳದ ಮಟ್ಟ ಬರೀ 5 ಮಿಲಿಮೀಟರ್ ಇಳಿದರೂ 160 ಲೀಟರ್ ಹೋಯಿತು, ಅದರೊಡನೆ 109 ಯುನಿಟ್ ಶಾಖವೂ ಹೋಯಿತು. ಬೆಳಗಾಗುವುದರೊಳಗೆ ನೀರು ಎರಡು ಡಿಗ್ರಿಗೂ ಹೆಚ್ಚು ತಣ್ಣಗಾಗಿರುತ್ತದೆ. ಅಷ್ಟನ್ನು ಮರಳಿ ತುಂಬಲು 9 ಕಿಲೋವ್ಯಾಟ್ ಕಾಯಿಲ್ ದಿನವೂ ಹನ್ನೆರಡು ಗಂಟೆ ಉರಿಯಬೇಕು.

ಆದ್ದರಿಂದ ನನ್ನ ಮೊದಲ ಸಲಹೆ ಹೀಟರ್ ಕುರಿತದ್ದಲ್ಲ. ನೀರಿನ ಮೇಲೆ ತೇಲುವ ಬಬಲ್ ಕವರ್ (ಗುಳ್ಳೆಗಳಿರುವ ಪ್ಲಾಸ್ಟಿಕ್ ಹೊದಿಕೆ) ಒಂದನ್ನು ಮೊದಲು ತರಿಸಿ, 400 ಮೈಕ್ರಾನ್‌ಗಿಂತ ತೆಳ್ಳಗಿರುವುದು ಬೇಡ. ಗುಳ್ಳೆಗಳಿರುವ ಮಗ್ಗುಲು ನೀರಿನ ಕಡೆಗಿರಲಿ. ಪಶ್ಚಿಮದ ಬಯಲಿನಿಂದ ಬರುವ ಗಾಳಿಗೆ ಅಡ್ಡಲಾಗಿ ಆಳೆತ್ತರದ ಬೇಲಿಗಿಡ ಬೆಳೆಸಿ. ಹೊದಿಕೆ ಹಾಕಿದರೆ ಹೀಟರಿನ ಖರ್ಚು ಅರ್ಧಕ್ಕೂ ಕೆಳಗೆ ಇಳಿಯುತ್ತದೆ. ಹೊದಿಕೆಯಿಲ್ಲದೆ ಹೀಟರ್ ಮಾತ್ರ ಹಾಕಿಸುವುದು ತಳ ಸೋರುವ ಕೊಡಕ್ಕೆ ನೀರು ಸೇದಿ ಸುರಿದಂತೆ.

ಮಲೆನಾಡ ಹಂಡೆ, ಕೊಪ್ಪ

ತೋಟದಲ್ಲಿ ಕಪಾತಿನ ಕಾಫಿ ಕಡ್ಡಿ, ಸಿಲ್ವರ್ ಓಕ್ ರೆಂಬೆ ರಾಶಿ ಬಿದ್ದಿರುತ್ತವೆ. ದೊಡ್ಡ ಹಂಡೆ ಒಲೆ ಮಾಡಿಸಿ, ತಾಮ್ರದ ಸುರುಳಿಯ ಮೂಲಕ ಕೊಳದ ನೀರನ್ನು ಹಾಯಿಸಿದರೆ ಆಗದೇ? ಮನೆಯ ಮೇಲಿರುವ 200 ಲೀಟರ್ ಸೋಲಾರನ್ನೂ ಇದಕ್ಕೆ ಜೋಡಿಸಬಹುದಲ್ಲವೇ?

ಶಾಖದ ಲೆಕ್ಕ, ಮೈಸೂರು

ಒಣಗಿದ ಸೌದೆ ಕಿಲೋಗೆ ಸುಮಾರು 4 ಯುನಿಟ್ ಶಾಖ ಕೊಡುತ್ತದೆ, ಒಲೆಯಲ್ಲಿ ಅರ್ಧ ಹೊಗೆಯೊಡನೆ ಹೋಗುತ್ತದೆ. ಮೊದಲ ಸಲಕ್ಕೇ 210 ಕಿಲೋ ಸೌದೆ ಬೇಕು, ಆಮೇಲೆ ದಿನವೂ ಯಾರಾದರೂ ಒಲೆಯ ಮುಂದೆ ಕೂರಬೇಕು. ಆಳುಕಾಳು ಇರುವವರಿಗೆ ಇದು ಅಸಾಧ್ಯವಲ್ಲ, ಆದರೆ ಪಂಪ್ ನಿಂತ ಹೊತ್ತಿನಲ್ಲಿ ಸುರುಳಿಯೊಳಗೆ ನೀರು ಕುದಿದು ಉಗಿಯ ಒತ್ತಡ ಏರುವ ಅಪಾಯವಿರುವುದರಿಂದ ನಾನು ಇದನ್ನು ಶಿಫಾರಸು ಮಾಡಲಾರೆ. ಮನೆಯ ಸೋಲಾರ್ 200 ಲೀಟರನ್ನು 40 ಡಿಗ್ರಿ ಏರಿಸುತ್ತದೆ ಎಂದುಕೊಳ್ಳಿ. ಅದೇ ಶಾಖವನ್ನು 40,000 ಲೀಟರಿಗೆ ಹಂಚಿದರೆ ಒಂದು ಡಿಗ್ರಿಯ ಐದನೇ ಒಂದು ಭಾಗ ಮಾತ್ರ ಏರುತ್ತದೆ.

ಕೊಳಕ್ಕೆಂದೇ ಇರುವ ಸೋಲಾರ್ ಬೇರೆ ಬಗೆಯದು. ಅದರಲ್ಲಿ ಗಾಜೂ ಇರುವುದಿಲ್ಲ, ಟ್ಯಾಂಕೂ ಇರುವುದಿಲ್ಲ. ಕಪ್ಪು ಪಾಲಿಪ್ರೊಪಿಲೀನ್ ಅಥವಾ ರಬ್ಬರಿನ ಕೊಳವೆ ಚಾಪೆಗಳನ್ನು ಛಾವಣಿಯ ಮೇಲೆ ಹಾಸಿ, ಕೊಳದ ನೀರನ್ನೇ ಅದರೊಳಗೆ ಹರಿಸುತ್ತಾರೆ. ಕೊಳದ ವಿಸ್ತೀರ್ಣದ ಅರ್ಧದಿಂದ ಪೂರ್ತಿಯವರೆಗೆ ಚಾಪೆ ಬೇಕಾಗುತ್ತದೆ. ಒಳ್ಳೆಯ ಬಿಸಿಲಿನಲ್ಲಿ ಚದರ ಮೀಟರಿಗೆ ದಿನಕ್ಕೆ ಮೂರೂವರೆ ಯುನಿಟ್ ಸಿಗುತ್ತದೆಂದು ಇಟ್ಟುಕೊಂಡರೆ, 24 ಚದರ ಮೀಟರ್ ಚಾಪೆ ದಿನಕ್ಕೆ 84 ಯುನಿಟ್, ಅಂದರೆ 1.8 ಡಿಗ್ರಿ ಕೊಡುತ್ತದೆ. ನಮ್ಮ ಮಲೆನಾಡಿನಲ್ಲಿ ಚಳಿಯ ತಿಂಗಳುಗಳೇ ಮೋಡವಿಲ್ಲದ ತಿಂಗಳುಗಳೂ ಆಗಿರುವುದು ಇದಕ್ಕೆ ದೊಡ್ಡ ಅನುಕೂಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಅದರಿಂದ ಏನನ್ನೂ ನಿರೀಕ್ಷಿಸುವಂತಿಲ್ಲ. ಹೆಂಚಿನ ಮನೆಯಾಗಿದ್ದರೆ ಚಾಪೆ ಬಿಗಿಯುವುದೂ ಕಷ್ಟ.

ಬೆಂಗಳೂರು ದಕ್ಷಿಣ

ಹೀಟ್ ಪಂಪ್ ಆರಿಸುವುದಾದರೆ ನಮ್ಮ ಮನೆಯಲ್ಲಿ ಆದ ತಪ್ಪು ತಮ್ಮಲ್ಲಿ ಆಗದಿರಲಿ ಎಂದು ಬರೆಯುತ್ತಿದ್ದೇನೆ. ಮಳೆಗೆ ನೆನೆಯಬಾರದು, ಸದ್ದು ಕೇಳಬಾರದು ಎಂದು ಅಳವಡಿಸಿದವರು ಯಂತ್ರವನ್ನು ಪಂಪ್ ರೂಮಿನೊಳಗೆ ಇಟ್ಟರು. ಎಂಟಡಿ ಚೌಕದ ಕೋಣೆ, ಒಂದು ಕಿಟಕಿ. ಮೊದಲ ದಿನವೇ ಕೋಣೆ ಶೀತಲಗೃಹದಂತಾಯಿತು, ಯಂತ್ರದ ಹಿಂಬದಿಯ ರೆಕ್ಕೆಗಳ ಮೇಲೆ ಮಂಜು ಕಟ್ಟಿತು, ನೀರು ಒಂದು ವಾರದಲ್ಲಿ ಎರಡು ಡಿಗ್ರಿಯೂ ಏರಲಿಲ್ಲ. ಶಾಖ ಹೀರಿಕೊಂಡ ಮೇಲೆ ಹೊರಗೆ ಊದಿದ ತಣ್ಣನೆಯ ಗಾಳಿಯನ್ನೇ ಅದು ಮತ್ತೆ ಮತ್ತೆ ಒಳಗೆ ಎಳೆದುಕೊಳ್ಳುತ್ತಿತ್ತು. ದೂರು ಕೊಟ್ಟರೆ, ಯಂತ್ರ ಚಿಕ್ಕದಾಯಿತು, ದೊಡ್ಡದು ಹಾಕಿಸಿ ಎಂಬ ಉತ್ತರ ಬಂತು. ಕೊನೆಗೆ ನಮ್ಮ ಪರಿಚಯದ ಎಸಿ ಮೆಕ್ಯಾನಿಕ್ ಒಬ್ಬರು ಬಂದು ನೋಡಿ, ಯಂತ್ರವನ್ನು ಬಯಲಿಗೆ ತರಿಸಿದರು. ಹಿಂಬದಿಗೆ ಎರಡಡಿ, ಫ್ಯಾನಿನ ಮುಂದೆ ಎಂಟಡಿ ಜಾಗ ಬಿಟ್ಟು, ನೆಲದಿಂದ ನಾಲ್ಕು ಇಂಚು ಎತ್ತರದ ಕಾಂಕ್ರೀಟ್ ಕಟ್ಟೆಯ ಮೇಲೆ ಕೂರಿಸಿದ ದಿನದಿಂದ ಅದೇ ಯಂತ್ರ ಚೆನ್ನಾಗಿ ಕೆಲಸ ಮಾಡುತ್ತಿದೆ. ಹೀಟ್ ಪಂಪ್‌ಗಳನ್ನು ಮಳೆಯಲ್ಲಿ ನಿಲ್ಲುವಂತೆಯೇ ಮಾಡಿರುತ್ತಾರೆ. ಸೂರಿನ ಹನಿ ನೇರವಾಗಿ ಮೇಲೆ ಸುರಿಯದಂತೆ ನೋಡಿಕೊಂಡರೆ ಸಾಕು.

ದೂರದೇಶಿ, ಡಲ್ಲಾಸ್

ನಾವು ಇಲ್ಲಿ ಹನ್ನೊಂದು ವರ್ಷಗಳಿಂದ ಗ್ಯಾಸ್ ಹೀಟರ್ ಬಳಸುತ್ತಿದ್ದೇವೆ. ಇಲ್ಲಿ ಬಿಟಿಯು ಲೆಕ್ಕ. 3,412 ಬಿಟಿಯು ಸೇರಿದರೆ ಒಂದು ಯುನಿಟ್. ನಮ್ಮದು ಗಂಟೆಗೆ 4,00,000 ಬಿಟಿಯು ಉರಿಸುವ ಹೀಟರ್, ಅಂದರೆ 117 ಕಿಲೋವ್ಯಾಟ್. ಶೇ. 82ರ ದಕ್ಷತೆಯಲ್ಲಿ ತಮ್ಮಂಥ ಕೊಳವನ್ನು ಅದು ನಾಲ್ಕೂವರೆ ಗಂಟೆಯಲ್ಲಿ 9 ಡಿಗ್ರಿ ಏರಿಸುತ್ತದೆ. ವಾರಕ್ಕೊಮ್ಮೆ, ಶನಿವಾರ ನೆಂಟರಿಷ್ಟರು ಬಂದಾಗ ಮಾತ್ರ ಕೊಳಕ್ಕೆ ಇಳಿಯುವ ನಮ್ಮಂಥವರಿಗೆ ಆ ವೇಗ ಬೇಕು, ಮತ್ತು ಗ್ಯಾಸ್ ಕೊಳವೆಯಲ್ಲಿ ಮನೆಗೇ ಬರುತ್ತದೆ. ತಮಗೆ ಬೇಕಿರುವುದು ದಿನವೂ ಒಂದೇ ಹದದ ನೀರು. ಚಿಕ್ಕಮಗಳೂರಿನಲ್ಲಿ ಸಿಲಿಂಡರ್ ಹೊರಬೇಕು. 19 ಕಿಲೋ ಸಿಲಿಂಡರ್ ಒಂದರಿಂದ ನೀರಿಗೆ ಸೇರುವುದು ಸುಮಾರು 200 ಯುನಿಟ್. ಮೊದಲ ಸಲಕ್ಕೆ ಎರಡಕ್ಕೂ ಹೆಚ್ಚು ಬೇಕು, ಹೊದಿಕೆಯಿಲ್ಲದಿದ್ದರೆ ಆಮೇಲೆ ದಿನಕ್ಕೆ ಅರ್ಧಕ್ಕಿಂತ ಹೆಚ್ಚು ಬೇಕು. ಮನೆಯ 14.2 ಕಿಲೋ ಸಿಲಿಂಡರ್ ಅಡುಗೆಗೆ ಕೊಟ್ಟದ್ದು, ಅದನ್ನು ಇದಕ್ಕೆ ಜೋಡಿಸುವಂತಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ತಗ್ಗಿನಲ್ಲಿ ನಿಲ್ಲುತ್ತದೆ. ನೆಲಮಟ್ಟಕ್ಕಿಂತ ಕೆಳಗಿರುವ ಪಂಪ್ ರೂಮಿನಲ್ಲಿ ಆ ಹೀಟರ್ ಇಡಲು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ.

ಇನ್ನೊಂದು ವಿಷಯ. ನಮ್ಮ ಮೊದಲ ಹೀಟರಿನ ತಾಮ್ರದ ಶಾಖ ವಿನಿಮಯಕ (ಶಾಖವನ್ನು ನೀರಿಗೆ ದಾಟಿಸುವ ಭಾಗ) ಮೂರೇ ವರ್ಷಕ್ಕೆ ತೂತು ಬಿತ್ತು. ಕಾರಣ ನಾವೇ. ಕ್ಲೋರಿನ್ ಮಾತ್ರೆಗಳನ್ನು ಸ್ಕಿಮ್ಮರ್ ಬುಟ್ಟಿಯಲ್ಲಿ (ಪಂಪ್‌ಗೆ ಹೋಗುವ ನೀರಿನ ಕಸ ತಡೆಯುವ ಬುಟ್ಟಿ) ಹಾಕಿಡುತ್ತಿದ್ದೆವು. ಪಂಪ್ ನಿಂತ ಹೊತ್ತಿನಲ್ಲಿ ಅಲ್ಲಿ ಆಮ್ಲೀಯ ನೀರು ಗಟ್ಟಿಯಾಗಿ ಕೂಡಿ, ಪಂಪ್ ಹೊರಟೊಡನೆ ನೇರವಾಗಿ ತಾಮ್ರದ ಮೇಲೆ ಹರಿಯುತ್ತಿತ್ತು. ಕೊಳದ ಗೋಡೆಯ ಮೇಲೆ ಹಸಿರು ನೀಲಿ ಕಲೆ ಕಾಣಿಸಿಕೊಂಡಾಗಲೇ ಎಚ್ಚೆತ್ತುಕೊಳ್ಳಬೇಕಿತ್ತು. ಟೈಟಾನಿಯಂ ವಿನಿಮಯಕವಿರುವ ಹೀಟ್ ಪಂಪ್‌ಗೆ ಕ್ಲೋರಿನ್‌ನ ಭಯ ಕಡಿಮೆ. ಕೊಳ್ಳುವಾಗ ಅದನ್ನು ಲಿಖಿತವಾಗಿ ಕೇಳಿ ಪಡೆಯಿರಿ.

ಪೈಪು ಕೆಲಸ, ಹಾಸನ

ನಾನು ಕೊಳಗಳ ಪೈಪ್ ಲೈನ್ ಕೆಲಸ ಮಾಡುವವನು. ಅಳವಡಿಸುವಾಗ ತಾವು ಪಕ್ಕದಲ್ಲಿ ನಿಂತು ನೋಡಬೇಕಾದದ್ದನ್ನು ಹೇಳುತ್ತೇನೆ.

ನೀರು ಹರಿಯುವ ಕ್ರಮ ತಪ್ಪಬಾರದು: ಮೊದಲು ಪಂಪ್, ನಂತರ ಫಿಲ್ಟರ್, ನಂತರ ಹೀಟರ್, ಎಲ್ಲಕ್ಕೂ ಕೊನೆಗೆ ಕ್ಲೋರಿನ್ ಸೇರುವ ಜಾಗ. ಹೀಟರಿಗೂ ಕ್ಲೋರಿನೇಟರಿಗೂ ನಡುವೆ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಇರಲೇಬೇಕು. ಹೀಟರಿಗೆ ಮೂರು ವಾಲ್ವ್‌ಗಳ ಬೈಪಾಸ್ ಕೇಳಿ ಹಾಕಿಸಿಕೊಳ್ಳಿ. ಅದಿದ್ದರೆ ಹೀಟರ್ ರಿಪೇರಿಗೆ ಹೋದ ದಿನವೂ ಕೊಳದ ಫಿಲ್ಟರ್ ನಡೆಯುತ್ತದೆ, ಹೀಟರ್ ಮೂಲಕ ಹೋಗುವ ನೀರಿನ ಪ್ರಮಾಣವನ್ನೂ ಹೊಂದಿಸಬಹುದು. ಒಳಬರುವ ಹೊರಹೋಗುವ ಎರಡೂ ಕಡೆ ಬಿಚ್ಚಿ ಜೋಡಿಸಬಹುದಾದ ಯೂನಿಯನ್ ಹಾಕಿಸಿ; ಅಂಟು ಹಾಕಿ ಮುಚ್ಚಿಬಿಟ್ಟರೆ ಮುಂದೆ ಪೈಪ್ ಕೊಯ್ಯಬೇಕಾಗುತ್ತದೆ. ಹೀಟ್ ಪಂಪ್‌ಗೆ ಯುಪಿವಿಸಿ ಪೈಪೇ ಸಾಕು. 17 ಕಿಲೋವ್ಯಾಟ್ ಯಂತ್ರದ ಮೂಲಕ ಗಂಟೆಗೆ 6,500 ಲೀಟರ್ ಹರಿದರೆ, ಹೊರಬರುವ ನೀರು ಒಳಹೋದದ್ದಕ್ಕಿಂತ ಎರಡೂಕಾಲು ಡಿಗ್ರಿ ಮಾತ್ರ ಬೆಚ್ಚಗಿರುತ್ತದೆ. ಎಷ್ಟೋ ಮಂದಿ ರಿಟರ್ನ್ ಬಾಯಿಗೆ ಕೈ ಒಡ್ಡಿ ನೋಡಿ, ಬಿಸಿನೀರು ಬರುತ್ತಿಲ್ಲ, ಯಂತ್ರ ಕೆಟ್ಟಿದೆ ಎಂದು ಫೋನ್ ಮಾಡುತ್ತಾರೆ. ಗೀಸರ್‌ನಂತೆ ಸುಡುವ ನೀರು ಇದರಿಂದ ಬರುವುದೇ ಇಲ್ಲ.

ಬೋರ್‌ವೆಲ್ ನೀರು ಗಡಸಾಗಿದ್ದರೆ ಬಿಸಿಯಾದಾಗ ಸುಣ್ಣದ ಪದರ ಕಟ್ಟಿ ಶಾಖ ದಾಟದಂತಾಗುತ್ತದೆ. ನೀರಿನ ಗಡಸುತನವನ್ನು ಒಮ್ಮೆ ಪರೀಕ್ಷೆ ಮಾಡಿಸಿ, ಪಿಎಚ್ (ನೀರಿನ ಆಮ್ಲ, ಕ್ಷಾರದ ಅಳತೆ) 7.2ರಿಂದ 7.6ರೊಳಗೆ ಇಟ್ಟುಕೊಳ್ಳಿ. ನೀರು ಬೆಚ್ಚಗಾದಷ್ಟೂ ಕ್ಲೋರಿನ್ ಬೇಗ ಖರ್ಚಾಗುತ್ತದೆ ಎಂಬುದೂ ನೆನಪಿರಲಿ.

ವಿದ್ಯುತ್ತಿನ ಕೆಲಸವನ್ನು ಲೈಸೆನ್ಸ್ ಇರುವವರಿಂದಲೇ ಮಾಡಿಸಿ. ಯಂತ್ರಕ್ಕೆ ಪ್ರತ್ಯೇಕ ಲೈನ್, ಪ್ರತ್ಯೇಕ ಎಂಸಿಬಿ, 30 ಮಿಲಿಆಂಪ್ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ಲೈನ್ ಕಡಿಯುವ ಸ್ವಿಚ್), ಸರಿಯಾದ ಅರ್ಥಿಂಗ್ ಬೇಕು. ಕೊಳದ ಸ್ಟೀಲ್ ಏಣಿ, ಕೈಹಿಡಿ ಎಲ್ಲವನ್ನೂ ಒಂದೇ ತಂತಿಯಲ್ಲಿ ಅರ್ಥಿಂಗ್‌ಗೆ ಸೇರಿಸಿರಬೇಕು. ಯಂತ್ರ ಕೊಳದ ಅಂಚಿನಿಂದ ಮೂರೂವರೆ ಮೀಟರ್ ಆಚೆಗಿರಲಿ. ಒದ್ದೆ ಮೈಯಲ್ಲಿ ವಯಸ್ಸಾದವರು ಇಳಿದು ಹತ್ತುವ ಜಾಗ ಅದು, ಇದರಲ್ಲಿ ಒಂದು ರೂಪಾಯಿಯನ್ನೂ ಉಳಿಸಲು ಹೋಗಬೇಡಿ. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಸರ್ಜ್ ಪ್ರೊಟೆಕ್ಟರ್ ಕೂಡ ಬೇಕು. ಮೆಸ್ಕಾಂನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ, ಕಡಿಮೆಯಿದ್ದರೆ ಮೊದಲೇ ಹೆಚ್ಚಿಸಿಕೊಳ್ಳಿ.

ಕಾಫಿತೋಟದ ಮಗಳು, ಚಿಕ್ಕಮಗಳೂರು ತಾಲ್ಲೂಕು

ಇಷ್ಟು ಶ್ರದ್ಧೆಯಿಂದ ಬರೆದ ಎಲ್ಲರಿಗೂ ಹೃದಯಪೂರ್ವಕ ವಂದನೆಗಳು. ನಮ್ಮದು ಹೆಂಚಿನ ಮನೆ, ಆದ್ದರಿಂದ ಚಾಪೆ ಸೋಲಾರ್ ಕೈಬಿಟ್ಟೆವು. ಹೀಟ್ ಪಂಪ್ ಎಂದು ನಿಶ್ಚಯಿಸಿದ್ದೇವೆ. ಆದರೆ ಮಾರುವವರು 17ರ ಬದಲು 25 ಕಿಲೋವ್ಯಾಟ್‌ನದನ್ನು ತೆಗೆದುಕೊಳ್ಳಿ ಎಂದು ಒತ್ತಾಯಿಸುತ್ತಿದ್ದಾರೆ. ಏನು ಮಾಡಲಿ?

ಶಾಖದ ಲೆಕ್ಕ, ಮೈಸೂರು

ಹೊದಿಕೆ ಹಾಕುವುದು ಖಚಿತವಾದರೆ 17 ಸಾಕು. ಹೊದಿಸಿದ ಕೊಳ ದಿನಕ್ಕೆ ಒಂದು ಡಿಗ್ರಿಯಷ್ಟು ಕಳೆದುಕೊಂಡರೆ, ಅದನ್ನು ತುಂಬಲು 17 ಕಿಲೋವ್ಯಾಟ್ ಯಂತ್ರ ಮೂರು ಗಂಟೆಯೊಳಗೆ ಕೆಲಸ ಮುಗಿಸುತ್ತದೆ. ಅದಕ್ಕಿಂತ ದೊಡ್ಡದರ ಬೆಲೆ ತಮಗೆ ಯಾವ ಲಾಭವನ್ನೂ ತರುವುದಿಲ್ಲ. ಆ ಹಣದಲ್ಲಿ ಹೊದಿಕೆ ಸುತ್ತಿಡುವ ರೋಲರ್ ಕೊಳ್ಳಿ. ರೋಲರ್ ಇಲ್ಲದ ಹೊದಿಕೆ ಒಂದು ತಿಂಗಳಲ್ಲಿ ಮೂಲೆ ಸೇರುವುದನ್ನು ನಾನು ಹಲವು ಮನೆಗಳಲ್ಲಿ ಕಂಡಿದ್ದೇನೆ. ಯಂತ್ರವನ್ನು ಬೆಳಿಗ್ಗೆ 10ರಿಂದ ಸಂಜೆ 5ರ ನಡುವೆ ಮಾತ್ರ ನಡೆಸಿ. 14 ಡಿಗ್ರಿ ಗಾಳಿಯ ರಾತ್ರಿಗಿಂತ 26 ಡಿಗ್ರಿಯ ಮಧ್ಯಾಹ್ನದಲ್ಲಿ ಅದೇ ವಿದ್ಯುತ್ತಿಗೆ ಹೆಚ್ಚು ಶಾಖ ಸಿಗುತ್ತದೆ.

ಕಾಫಿತೋಟದ ಮಗಳು, ಚಿಕ್ಕಮಗಳೂರು ತಾಲ್ಲೂಕು

ಐದು ವಾರಗಳ ನಂತರ ಬರೆಯುತ್ತಿದ್ದೇನೆ. ಯಂತ್ರ ಕೂತಿದೆ, ನಡೆಯುತ್ತಿದೆ. ಮೊದಲ ದಿನ ಹೊರಡಲೇ ಇಲ್ಲ. ಪರದೆಯ ಮೇಲೆ ಫೇಸ್ ದೋಷದ ಸಂಕೇತ ಬಂತು. ಮೂರು ಫೇಸ್‌ಗಳ ಕ್ರಮ ಅದಲು ಬದಲಾದರೆ ಕಂಪ್ರೆಸರ್ ಹಿಮ್ಮುಖವಾಗಿ ತಿರುಗುವುದರಿಂದ ಯಂತ್ರ ತನ್ನನ್ನು ತಾನೇ ತಡೆದು ನಿಲ್ಲಿಸಿಕೊಳ್ಳುತ್ತದಂತೆ. ಎಲೆಕ್ಟ್ರಿಷಿಯನ್ ಎರಡು ತಂತಿ ಬದಲಿಸಿದ ಕೂಡಲೇ ಸರಿಹೋಯಿತು. ಮೂರನೆಯ ದಿನ ನೀರಿನ ಹರಿವು ಸಾಲದೆಂದು ನಿಂತಿತು. ಮರಳಿನ ಫಿಲ್ಟರನ್ನು ಬ್ಯಾಕ್‌ವಾಶ್ ಮಾಡಿದಾಗ (ನೀರನ್ನು ಹಿಮ್ಮುಖವಾಗಿ ಹರಿಸಿ ತೊಳೆದಾಗ) ಮತ್ತೆ ಹೊರಟಿತು. ಯಂತ್ರದ ಅಡಿಯಲ್ಲಿ ನೀರು ಹರಿಯುವುದನ್ನು ಕಂಡು ನಾವು ಗಾಬರಿಯಾದೆವು. ಆ ನೀರಿಗೆ ಕ್ಲೋರಿನ್ ಕಿಟ್ ಹಿಡಿದಾಗ ಬಣ್ಣ ಬರಲಿಲ್ಲ, ಆದ್ದರಿಂದ ಅದು ಗಾಳಿಯ ತೇವ ತಣಿದು ಇಳಿದ ನೀರೇ ಹೊರತು ಕೊಳದ ಸೋರಿಕೆಯಲ್ಲ ಎಂದು ತಿಳಿಯಿತು.

ಮೀಟರ್ ಪುಸ್ತಕ ಇಟ್ಟಿದ್ದೇನೆ. ಹೊದಿಕೆಯೊಂದಿಗೆ, ದಿನಕ್ಕೆ ಎಂಟು ಗಂಟೆಯಂತೆ ನಡೆಸಿ, 20ರಿಂದ 29 ಡಿಗ್ರಿ ತಲುಪಲು ನಾಲ್ಕು ದಿನ, 121 ಯುನಿಟ್ ಬೇಕಾಯಿತು. ಆಮೇಲಿನ ದಿನಗಳಲ್ಲಿ ಯಂತ್ರಕ್ಕೆ 10ರಿಂದ 12 ಯುನಿಟ್ ಸಾಕಾಗುತ್ತಿದೆ. ಒಂದು ರಾತ್ರಿ ಹೊದಿಸಲು ಮರೆತೆವು. ಬೆಳಿಗ್ಗೆ ನೋಡಿದರೆ 26.5 ಇತ್ತು, ಆ ದಿನ 27 ಯುನಿಟ್ ಓಡಿತು. ನೀರು ಸುತ್ತಿಸುವ ಒಂದು ಅಶ್ವಶಕ್ತಿಯ ಪಂಪ್ ಬೇರೆಯಾಗಿ ಗಂಟೆಗೆ ಹತ್ತಿರಹತ್ತಿರ ಒಂದು ಯುನಿಟ್ ತಿನ್ನುತ್ತದೆ ಎಂಬುದನ್ನು ಯಾವ ಅಂದಾಜುಪಟ್ಟಿಯಲ್ಲೂ ಬರೆದಿರಲಿಲ್ಲ. ಗೃಹಜ್ಯೋತಿಯ 200 ಯುನಿಟ್ ಮಿತಿ ದಾಟಿರುವುದರಿಂದ ಈಗ ಬಿಲ್ಲನ್ನು ಪೂರ್ತಿ ಕಟ್ಟುತ್ತಿದ್ದೇವೆ. ಕೊಳ ಬಿಸಿ ಮಾಡಬೇಕೆನ್ನುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಅಮ್ಮ ಈಗ ದಿನವೂ ಹನ್ನೊಂದು ಗಂಟೆಗೆ ಇಳಿಯುತ್ತಾರೆ. ಮೊದಲ ವಾರ ನನ್ನ ಕೈ ಹಿಡಿದು ಆರು ಸುತ್ತು ನಡೆದವರು ನಿನ್ನೆ ಕಂಬಿ ಹಿಡಿದುಕೊಂಡು ತಾವೇ ಇಪ್ಪತ್ತು ಸುತ್ತು ನಡೆದರು.

ಪೈಪು ಕೆಲಸ, ಹಾಸನ

ತುಂಬಾ ಸಂತೋಷವಾಯಿತು ಮೇಡಂ. ಒಂದು ಎಚ್ಚರಿಕೆ: ಯಾರೇ ಇಳಿಯುವ ಮುಂಚೆ ಹೊದಿಕೆಯನ್ನು ಪೂರ್ತಿ ಸುತ್ತಿ ತೆಗೆಯಬೇಕು, ಅರ್ಧ ತೆರೆದು ಇಳಿಯುವ ಅಭ್ಯಾಸ ಬೇಡ. ರಜೆಗೆ ಚಿಕ್ಕ ಮಕ್ಕಳು ಬಂದರೆ ಅದು ನೆಲದಂತೆ ಕಂಡು ಮೇಲೆ ಕಾಲಿಟ್ಟುಬಿಡುತ್ತಾರೆ, ಅದು ಯಾರ ಭಾರವನ್ನೂ ತಡೆಯುವುದಿಲ್ಲ. ಕೊಳದ ಸುತ್ತ ಬೇಲಿ, ಅಗುಳಿಯಿರುವ ಗೇಟು ಹಾಕಿಸಿ. ಯಂತ್ರದ ವಿದ್ಯುತ್ ಪೆಟ್ಟಿಗೆಯ ರಂಧ್ರಗಳನ್ನು ಮುಚ್ಚಿಸಿ, ಹಲ್ಲಿ, ಇರುವೆ ಒಳಹೊಕ್ಕು ಶಾರ್ಟ್ ಆಗುವುದನ್ನು ಎಷ್ಟೋ ಕಡೆ ನೋಡಿದ್ದೇನೆ.

ಕಾಫಿತೋಟದ ಮಗಳು, ಚಿಕ್ಕಮಗಳೂರು ತಾಲ್ಲೂಕು

ಗೇಟಿಗೆ ನಾಳೆಯೇ ಹೇಳುತ್ತೇನೆ. ಜೂನ್ ಬಂದ ಮೇಲೆ ಏನು ಮಾಡಬೇಕು? ಇಲ್ಲಿಯ ಮಳೆಗೆ ಕೊಳ ತಣ್ಣಗಾಗುತ್ತದೆಂದು ಎಲ್ಲರೂ ಹೆದರಿಸುತ್ತಿದ್ದಾರೆ.

ಶಾಖದ ಲೆಕ್ಕ, ಮೈಸೂರು

ಮಳೆಯಿಂದ ತಣ್ಣಗಾಗುವುದು ಜನ ಅಂದುಕೊಂಡಷ್ಟಿಲ್ಲ. 50 ಮಿಲಿಮೀಟರ್ ಮಳೆ ಸುರಿದರೂ ಕೊಳಕ್ಕೆ ಬೀಳುವುದು 1,600 ಲೀಟರ್. ಆ ನೀರು 20 ಡಿಗ್ರಿಯಿದ್ದು, ಅಷ್ಟೇ ಪ್ರಮಾಣದ ಬೆಚ್ಚನೆಯ ನೀರು ಉಕ್ಕಿ ಹೊರಹೋದರೂ ಕೊಳದ ಉಷ್ಣಾಂಶ ಇಳಿಯುವುದು ಡಿಗ್ರಿಯ ಮೂರನೇ ಒಂದು ಭಾಗದಷ್ಟು. ಗಾಳಿಯಲ್ಲಿ ತೇವ ತುಂಬಿರುವುದರಿಂದ ಆಗ ಆವಿಯಾಗುವುದೂ ಕಡಿಮೆ. ಮಳೆನೀರಿಗೆ ಕ್ಲೋರಿನ್ ಮತ್ತು ಪಿಎಚ್ ಕೆಡುವುದೇ ಹೆಚ್ಚಿನ ತೊಂದರೆ, ಆ ತಿಂಗಳುಗಳಲ್ಲಿ ದಿನ ಬಿಟ್ಟು ದಿನ ಪರೀಕ್ಷಿಸಿ. ಕರೆಂಟ್ ಹೋಗಿ ಬಂದಾಗ ಯಂತ್ರ ಮೂರರಿಂದ ಐದು ನಿಮಿಷ ತಡೆದು ಹೊರಡುತ್ತದೆ, ಆ ತಡೆಯನ್ನು ಯಾರಿಂದಲೂ ತೆಗೆಸಬೇಡಿ. ಜೂನ್, ಜುಲೈ ತಿಂಗಳುಗಳ ಮೀಟರ್ ಪುಸ್ತಕದ ಅಂಕಿಗಳನ್ನು ಇಲ್ಲಿಯೇ ಹಾಕಿದರೆ ಮಲೆನಾಡಿನ ಉಳಿದವರಿಗೂ ಉಪಯೋಗವಾಗುತ್ತದೆ.

ಕಾಫಿತೋಟದ ಮಗಳು, ಚಿಕ್ಕಮಗಳೂರು ತಾಲ್ಲೂಕು

ಖಂಡಿತ ಹಾಕುತ್ತೇನೆ ಸರ್. ನೀರಿನ ಉಷ್ಣಾಂಶ, ಗಾಳಿಯ ಉಷ್ಣಾಂಶ, ಯುನಿಟ್, ಮಳೆ, ನಾಲ್ಕನ್ನೂ ಬೆಳಿಗ್ಗೆ ಏಳಕ್ಕೆ ಬರೆದಿಡುವ ಕೆಲಸವನ್ನು ಅಮ್ಮನೇ ವಹಿಸಿಕೊಂಡಿದ್ದಾರೆ.